ಮೇ ತಿಂಗಳ ನೆಮ್ಮದಿ, ಫೆಬ್ರವರಿಯ ಹಸಿವು: ದಾವಣಗೆರೆಯ ಟ್ರಸ್ಟೊಂದು ಮಲಾವಿಗೆ ಹೋದ ಪ್ರಕರಣ

ಹಿನ್ನೆಲೆ

ಈ ಟ್ರಸ್ಟ್ ದಾವಣಗೆರೆಯದು. ಹೆಸರು ಬೇಡ. ಅದರಲ್ಲಿರುವವರನ್ನೂ ಅವರು ಹೋಗಿಬಂದ ಹಳ್ಳಿಯನ್ನೂ ಗುರುತು ಸಿಗದ ಹಾಗೆ ಬರೆದಿದ್ದೇನೆ. ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ, ನಡೆದದ್ದರ ಕ್ರಮ ಮಾತ್ರ ಹಾಗೇ ಇದೆ. ಟ್ರಸ್ಟಿನ ನಡಾವಳಿ ಬರೆಯೋದು ನನ್ನ ಕೆಲಸ. ಯಾರು ಯಾವಾಗ ಏನಂದರು ಅನ್ನೋದಕ್ಕೆ ಪುಸ್ತಕದ ಆಧಾರ ಇದೆ.

ಟ್ರಸ್ಟ್ ಕಟ್ಟಿದವರು ಎಪಿಎಂಸಿಯ ಮೆಕ್ಕೆಜೋಳದ ವರ್ತಕರು. ದಾವಣಗೆರೆ ಸೀಮೆಯಲ್ಲಿ ಭದ್ರಾ ನೀರು ಹರಿಯುವ ಕಡೆ ಭತ್ತ, ಅಡಿಕೆ. ನೀರಿಲ್ಲದ ಕಡೆ ಮೆಕ್ಕೆಜೋಳ. ಸುಗ್ಗಿಯಲ್ಲಿ ಜಗಳೂರಿನ ಕಡೆ ಹೋದರೆ ಅರ್ಧ ರಸ್ತೆಯ ಮೇಲೆ ಹಳದಿ ಕಾಳು ಹರಡಿರುತ್ತದೆ, ಗಾಡಿಯವರು ಬೈಕೊಂಡೇ ಪಕ್ಕಕ್ಕೆ ಸರಿದು ಹೋಗ್ತಾರೆ. ಇಷ್ಟು ಬೆಳೆದರೂ ನಾವು ಅದನ್ನು ತಿನ್ನೋದು ಕಡಿಮೆ. ಕೋಳಿ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ ಹೋಗುತ್ತದೆ. ಈ ವಿಷಯ ಮುಂದೆ ಬೇಕಾಗುತ್ತದೆ.

ಟ್ರಸ್ಟ್ ಮೊದಲಿಂದ ಮಾಡ್ತಿದ್ದದ್ದು ಊರ ಸುತ್ತಲಿನ ಕೆಲಸವೇ. ಹಾಸ್ಟೆಲ್ ಮಕ್ಕಳಿಗೆ ನೋಟ್‌ಬುಕ್ಕು, ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ಹಳ್ಳಿಗಳಿಗೆ ಟ್ಯಾಂಕರ್ ನೀರು. ಹೊರದೇಶದ ಯೋಚನೆ ಬಂದದ್ದು ನೆಂಟಸ್ತಿಕೆಯಿಂದ. ಹಿರಿಯ ಟ್ರಸ್ಟಿಯೊಬ್ಬರ (ಇಲ್ಲಿ ಅವರನ್ನು ಸಾಹುಕಾರರು ಅಂತ ಕರೀತೀನಿ) ಭಾವಮೈದುನ ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಅವರು ಊರಿಗೆ ಬಂದಾಗ ಅಲ್ಲಿಯ ಹಳ್ಳಿಗಳ ಮಾತು ತೆಗೆದರು. ಅಲ್ಲೂ ಮೆಕ್ಕೆಜೋಳವೇ ಬದುಕು, ಆದರೆ ಹೆಂಗಸರು ತೆನೆಯಿಂದ ಕಾಳನ್ನು ಕೈಯಲ್ಲೇ ಬಿಡಿಸ್ತಾರೆ ಅಂದರು. ಸಾಹುಕಾರರಿಗೆ ಅಷ್ಟು ಸಾಕಾಯ್ತು. 'ಕಾಳು ಬಿಡಿಸೋ ಮಷಿನ್ ನಾವು ಕೊಡಿಸ್ತೀವಿ ಬಿಡ್ರಿ' ಅಂದುಬಿಟ್ಟರು.

ಮಲಾವಿ ಆಫ್ರಿಕಾದ ದಕ್ಷಿಣದ ಕಡೆ ಇರುವ ಸಣ್ಣ ದೇಶ. 1964ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಜನಸಂಖ್ಯೆ ಸುಮಾರು 2 ಕೋಟಿ. ಅದರಲ್ಲಿ ಅರ್ಧದಷ್ಟು ಜನ ಆ ದೇಶದ್ದೇ ಲೆಕ್ಕದ ಬಡತನ ರೇಖೆಗಿಂತ ಕೆಳಗಿದ್ದಾರೆ. ವರ್ಷಕ್ಕೆ ಒಂದೇ ಮಳೆಗಾಲ: ನವೆಂಬರಿಗೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಕೊಯ್ಲು ಏಪ್ರಿಲ್, ಮೇ.

ಮೇ ತಿಂಗಳ ಭೇಟಿ

2023ರ ಮೇ ತಿಂಗಳಲ್ಲಿ ತಂಡ ಹೊರಟಿತು. ಸಾಹುಕಾರರು, ನಿವೃತ್ತ ಹೈಸ್ಕೂಲು ಟೀಚರ್, ಜಗಳೂರು ಕಡೆಯ ಒಬ್ಬ ರೈತ, ಒಬ್ಬ ಎಂಜಿನಿಯರ್ ಹುಡುಗ, ನಾನು. ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಲಿಲಾಂಗ್ವೆ. ಮೇ ತಿಂಗಳನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಮಷಿನ್ ಕೊಡೋದು ಸುಗ್ಗಿ ಹೊತ್ತಿಗೇ ಅಲ್ವಾ? ರಸ್ತೆಯೂ ಒಣಗಿರುತ್ತದೆ ಅಂತ ಭಾವಮೈದುನ ಹೇಳಿದ್ದರು. ಇದನ್ನು ಯಾರೂ ಒಂದು ನಿರ್ಧಾರ ಅಂತ ಎಣಿಸಲಿಲ್ಲ, ನಡಾವಳಿಯಲ್ಲೂ ಅರ್ಧ ಸಾಲು ಇದೆ ಅಷ್ಟೇ. ಪ್ರಕರಣ ಪೂರ್ತಿ ನಿಂತಿರೋದು ಆ ಅರ್ಧ ಸಾಲಿನ ಮೇಲೆ.

ಹಳ್ಳಿ ಇರೋದು ಡೆಡ್ಜಾ ಜಿಲ್ಲೆಯಲ್ಲಿ, ಲಿಲಾಂಗ್ವೆಯಿಂದ ದಕ್ಷಿಣಕ್ಕೆ. ಎತ್ತರದ ಜಾಗ, ಮೇ ತಿಂಗಳಲ್ಲಿ ಒಳ್ಳೆ ಚಳಿ. ರಸ್ತೆ ಬದಿಯಲ್ಲಿ ಆಲೂಗಡ್ಡೆ ಮಾರ್ತಿರ್ತಾರೆ. ಆ ಹೆದ್ದಾರಿ ಒಂದು ಕಡೆ ಮೊಜಾಂಬಿಕ್ ಗಡಿಗೆ ಅಂಟಿಕೊಂಡೇ ಹೋಗುತ್ತದೆ. ಎಡಗಡೆ ಅಂಗಡಿ ಒಂದು ದೇಶದ್ದು, ಬಲಗಡೆಯದು ಇನ್ನೊಂದು ದೇಶದ್ದು. ರೈತರಿಗೆ ಅದು ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. 'ಮತ್ತೆ ಬಾರ್ಡರ್ ಎಲ್ಲೈತ್ರಿ?' ಅಂತ ಹಿಂದೆ ತಿರುಗಿ ತಿರುಗಿ ನೋಡಿದರು.

ಸ್ವಾಗತ ಜೋರಾಗಿತ್ತು. ಹೆಂಗಸರು ಸಾಲಾಗಿ ನಿಂತು ಹಾಡಿ ಕುಣಿದು ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿ ಊರಿನ ಮುಖ್ಯಸ್ಥೆ ಒಬ್ಬ ಹೆಂಗಸು. ಅಲ್ಲಿಯ ಚೇವಾ ಜನರಲ್ಲಿ ಜಮೀನು ತಾಯಿಯ ಕಡೆಯಿಂದ ಬರುತ್ತದೆ, ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗಿ ಇರ್ತಾನೆ. ಟೀಚರ್‌ಗೆ ಇದು ಬಹಳ ಇಷ್ಟವಾಯ್ತು. ಅದನ್ನು ಆಮೇಲೆ ದಾವಣಗೆರೆಯಲ್ಲಿ ಹತ್ತು ಕಡೆ ಹೇಳಿದರು.

ಊಟಕ್ಕೆ ಮುಂಚೆ ಒಬ್ಬ ಹುಡುಗಿ ಜಗ್ ಹಿಡಿದು ಎಲ್ಲರ ಕೈಗೂ ನೀರು ಹಾಕಿದಳು. ಬಡಿಸಿದ್ದು ನ್ಸೀಮಾ. ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತಿರುವಿ ಮಾಡಿದ್ದು, ನಮ್ಮ ರಾಗಿ ಮುದ್ದೆಯೇ ಬೆಳ್ಳಗಾದ ಹಾಗೆ. ಜೊತೆಗೆ ಕುಂಬಳದ ಚಿಗುರು ಎಲೆಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಪಲ್ಯ. ಅಲ್ಲಿಯವರು ತಿನ್ನೋದು ಬಿಳಿ ಮೆಕ್ಕೆಜೋಳ. ಹಳದಿಯದನ್ನು ಬರಗಾಲದಲ್ಲಿ ಹೊರಗಿಂದ ಬರುವ ಕಾಳು ಅಂತ ನೋಡ್ತಾರೆ, ಮನಸ್ಸಿಲ್ಲದೆ ತಿನ್ತಾರೆ. ಜೀವಮಾನವಿಡೀ ಹಳದಿ ಕಾಳಿನ ವ್ಯಾಪಾರ ಮಾಡಿದ ಸಾಹುಕಾರರು, ತಮ್ಮ ಎದುರಿಗಿದ್ದ ತಟ್ಟೆ ನೋಡಿ 'ಇದನ್ನ ನಾವು ಕೋಳಿಗೆ ಹಾಕ್ತೀವಲ್ಲೋ' ಅಂತ ಮೆಲ್ಲಗೆ ಅಂದರು. ಆಮೇಲೆ ಎರಡನೇ ಸಲ ಬಡಿಸಿಕೊಂಡರು.

ಹೊರಡುವಾಗ ಮುಖ್ಯಸ್ಥೆ ಸಾಹುಕಾರರ ಕೈಗೆ ಒಂದು ಜೀವಂತ ಕೋಳಿ ಕೊಟ್ಟರು. ಅಲ್ಲಿ ದೊಡ್ಡ ಅತಿಥಿಗೆ ಕೊಡೋ ಮರ್ಯಾದೆ ಅದು. ನಮ್ಮ ಸಾಹುಕಾರರು ಲಿಂಗ ಕಟ್ಟಿದವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ. ಕಾಲು ಕಟ್ಟಿದ ಕಂದು ಬಣ್ಣದ ಕೋಳಿ ಅವರ ತೋಳಲ್ಲಿ. ಮುಖದಲ್ಲಿ ಏನು ಭಾವ ಇಟ್ಟುಕೊಳ್ಳಬೇಕು ಅಂತ ಅವರಿಗೇ ಗೊತ್ತಾಗಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಂತಿರುಗಿಸೋದು ತಪ್ಪಾಗುತ್ತದೆ ಅಂತ ಭಾವಮೈದುನ ಕಣ್ಣಲ್ಲೇ ಹೇಳಿದ್ದರು. ಲಿಲಾಂಗ್ವೆಯವರೆಗೂ ತೊಡೆ ಮೇಲೆ ಇಟ್ಟುಕೊಂಡು ಬಂದು, ಅಂಗಡಿಯ ವಾಚ್‌ಮನ್‌ಗೆ ಕೊಟ್ಟರು. ದಾರಿಯುದ್ದಕ್ಕೂ ಮಾತಿಲ್ಲ. 'ಏನೂ ಇಲ್ಲ ಅವರ ಹತ್ರ. ಆದ್ರೂ ಕೊಡ್ತಾರೆ. ನಮ್ಮ ಮನೆಗೆ ಯಾರಾದ್ರೂ ಬಂದ್ರೆ ನಾವು ಮೊದಲು ಗಡಿಯಾರ ನೋಡ್ತೀವಿ.' ಅವತ್ತು ಅವರ ಬಾಯಿಂದ ಬಂದದ್ದು ಇಷ್ಟೇ.

ಇದು ನಾಟಕದ ಮಾತಾಗಿರಲಿಲ್ಲ. ತಂಡದಲ್ಲಿದ್ದ ಎಲ್ಲರಿಗೂ ಹಾಗೇ ಅನ್ನಿಸಿತ್ತು, ನನಗೂ. ಕರೆಂಟಿಲ್ಲ, ಬಹಳ ಮನೆಗಳ ಮೇಲೆ ಹುಲ್ಲಿನ ಚಾವಣಿ. ಮಕ್ಕಳು ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ ಚೆಂಡು ಒದೀತಾ ನಕ್ಕೋತಾ ಓಡ್ತಿದ್ದರು. ಎರಡು ಡೀಸೆಲ್ ಮಷಿನ್ ಹಸ್ತಾಂತರ ಆಯ್ತು, ಚಪ್ಪಾಳೆ ಆಯ್ತು. 'ಇನ್ನೇನಾದರೂ ಬೇಕಾ?' ಅಂತ ಎದುರಿಗೇ ಕೇಳಿದೆವು. 'ನೀವು ಬಂದಿರಲ್ಲ, ಅದೇ ಸಾಕು' ಅಂದರು.

ಸಮಸ್ಯೆ

ಸಮಸ್ಯೆ ಶುರುವಾದದ್ದು ವಾಪಸ್ ಬಂದ ಮೇಲೆ.

ಮೊದಲ ಯೋಜನೆಯಲ್ಲಿ ಎರಡನೇ ಕಂತು ಅಂತ ಇತ್ತು. ಹಳ್ಳಿಗೆ ಹತ್ತಿರದಲ್ಲಿ ಹಿಟ್ಟಿನ ಗಿರಣಿ ಇಲ್ಲ, ಹೆಂಗಸರು ಬಕೆಟ್ಟಿನಲ್ಲಿ ಕಾಳು ಹೊತ್ತು ದೂರ ನಡೀಬೇಕು. ಅಲ್ಲೇ ಒಂದು ಗಿರಣಿ ಹಾಕೋದು ಅಂತ ದುಡ್ಡು ಎತ್ತಿಡಲಾಗಿತ್ತು. ಜುಲೈ ಸಭೆಯಲ್ಲಿ ಸಾಹುಕಾರರು ಅದನ್ನು ಕೈಬಿಡೋಣ ಅಂದರು. ಜಿಪುಣತನದಿಂದ ಅಲ್ಲ, ಸ್ವಂತ ದುಡ್ಡು ಹಾಕಿದವರೇ ಅವರು. ಅವರ ವಾದ ಪುಸ್ತಕದಲ್ಲಿ ಹೀಗಿದೆ: 'ಅವರು ನೆಮ್ಮದಿಯಾಗಿದ್ದಾರೆ. ನಾವು ಒಂದೊಂದೇ ಸಾಮಾನು ಒಯ್ದು ಕೊಟ್ರೆ ನಮ್ಮ ರೋಗ ಅವರಿಗೆ ಅಂಟಿಸಿದ ಹಾಗಾಗುತ್ತದೆ. ಕಲಿಯಬೇಕಾದವರು ನಾವು.'

ಬಹಳ ಜನ ತಲೆಯಾಡಿಸಿದರು. ಅದೇ ಹೊತ್ತಿಗೆ ಅವರಿಗೆ ಶಾಲೆ, ರೋಟರಿ, ಮಠದ ಕಾರ್ಯಕ್ರಮಗಳಿಂದ ಕರೆ ಬರೋಕೆ ಶುರುವಾಗಿತ್ತು. ಫೋಟೋ ತೋರಿಸಿ 'ಇರೋದ್ರಲ್ಲೇ ತೃಪ್ತಿ' ಅಂತ ಮಾತಾಡ್ತಿದ್ದರು. ಚೆನ್ನಾಗಿಯೇ ಮಾತಾಡ್ತಿದ್ದರು. 'ಪ್ರಪಂಚದಲ್ಲೇ ಅಷ್ಟು ಸಂತೋಷದ ಜನ ಇನ್ನೆಲ್ಲೂ ಇಲ್ಲ' ಅನ್ನೋ ಮಾತು ಪ್ರತಿ ಭಾಷಣದಲ್ಲೂ ಇರ್ತಿತ್ತು.

ಟೀಚರ್ ಒಬ್ಬರೇ ಸಭೆಯಲ್ಲಿ ಒಪ್ಪಿರಲಿಲ್ಲ. ಅವರು ಅಲ್ಲಿ ಅಡಿಗೆಮನೆಯಲ್ಲಿ ಕೂತವರು. 'ನಮ್ಮನ್ನ ಮದುವೆ ಮನೆಗೆ ಕರೆದಿದ್ರು, ನಾವು ಅದನ್ನ ಸಂಸಾರ ಅಂತ ತಿಳ್ಕೊಂಡು ಬಂದ್ವಿ' ಅಂದರು. ಆದರೆ ಅದಕ್ಕೆ ಅವರ ಹತ್ತಿರ ಪುರಾವೆ ಇರಲಿಲ್ಲ. ಗಿರಣಿಯ ವಿಷಯ ಮುಂದಕ್ಕೆ ಹೋಯ್ತು.

ತಿರುವು ಸಿಕ್ಕಿದ್ದು ಒಂದು ಹಾಸ್ಟೆಲ್‌ನಲ್ಲಿ. ಸಾಹುಕಾರರ ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದಾಗ ಜಗಳೂರು ತಾಲ್ಲೂಕಿನ ಹುಡುಗಿಯೊಬ್ಬಳು ಎದ್ದಳು. ಅದು 2023ರ ಮಳೆಗಾಲದ ಕೊನೆ. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಜಗಳೂರಿನ ಕಡೆ ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಒಣಗಿತ್ತು. ಹುಡುಗಿ ಕೇಳಿದ್ದು: 'ಸರ್, ನೀವು ನಮ್ಮೂರಿಗೆ ಟ್ಯಾಂಕರ್ ತಂದಾಗ ನಾವೂ ಆರತಿ ಮಾಡಿ, ಮಂಡಕ್ಕಿ ಮಿರ್ಚಿ ಕೊಟ್ವಿ. ನಾವೂ ನಕ್ಕೋತಾನೇ ಇದ್ವಿ. ಆಗ ನಾವೂ ನೆಮ್ಮದಿಯಾಗಿದೀವಿ ಅಂತ ಅನ್ಕೊಂಡ್ರಾ?'

ಸಭೆಯಲ್ಲಿ ನಗು ಬಂತು. ಸಾಹುಕಾರರೂ ನಕ್ಕರು. ಆದರೆ ಕಾರಿನಲ್ಲಿ ಬರುವಾಗ 'ಆ ಹುಡುಗಿ ಯಾರ ಮನೇದು?' ಅಂತ ವಿಚಾರಿಸಿದರು. ಮುಂದಿನ ಸಭೆಯಲ್ಲಿ ತಾವೇ ಎದ್ದು, ಯಾರಾದರೂ ಇನ್ನೊಮ್ಮೆ ಹೋಗಿ ನೋಡಿ ಬರಲಿ, ಯಾವಾಗ ಹೋಗಬೇಕು ಅಂತ ಟೀಚರ್ರೇ ಹೇಳಲಿ ಅಂದರು. ಟೀಚರ್ ಫೆಬ್ರವರಿ ಅಂದರು.

ಫೆಬ್ರವರಿ

ಮಲಾವಿಯ ಹಳ್ಳಿಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಸಿವಿನ ಕಾಲ. ಹಳೆ ಕಾಳು ಖಾಲಿ, ಹೊಸ ಬೆಳೆ ಇನ್ನೂ ಹೊಲದಲ್ಲಿ. ಅದೂ 2024ರ ಫೆಬ್ರವರಿ ಇನ್ನೂ ಕೆಟ್ಟದಿತ್ತು. ನಮ್ಮ ಕಡೆ ಮಳೆ ಕೆಡಿಸಿದ ಎಲ್ ನಿನೊ (ಶಾಂತಸಾಗರದ ನೀರು ಬಿಸಿಯಾಗೋದು) ಅಲ್ಲಿಯ ಮಳೆಯನ್ನೂ ಕೆಡಿಸಿತ್ತು. ಅದರ ಮೇಲೆ 2023ರ ನವೆಂಬರಿನಲ್ಲಿ ಅಲ್ಲಿಯ ರಿಸರ್ವ್ ಬ್ಯಾಂಕ್ ತನ್ನ ಕ್ವಾಚಾ ನಾಣ್ಯದ ಬೆಲೆ ಇಳಿಸಿ, ಡಾಲರ್ ಶೇ 44ರಷ್ಟು ದುಬಾರಿಯಾಗುವ ಹಾಗೆ ಮಾಡಿತ್ತು. ಗೊಬ್ಬರ, ಡೀಸೆಲ್, ಕಾಳು ಎಲ್ಲ ಕೈಗೆ ಎಟುಕದ ಹಾಗಾಗಿತ್ತು. ಮಾರ್ಚ್‌ನಲ್ಲಿ ದೇಶದ 28 ಜಿಲ್ಲೆಗಳಲ್ಲಿ 23ನ್ನು ವಿಪತ್ತಿನ ಜಿಲ್ಲೆ ಅಂತ ಅಧ್ಯಕ್ಷರು ಘೋಷಿಸಿದರು.

ಈ ಸಲ ಹೋದವರು ಟೀಚರ್, ರೈತರು ಮತ್ತು ನಾನು. ಬರ್ತೀವಿ ಅಂತ ಮುಂಚೆ ಹೇಳಿ ಕಳಿಸಿದ್ದೆವು, ಆದರೆ ಸ್ವಾಗತ ಬೇಡ, ಊಟ ನಾವೇ ತರ್ತೀವಿ ಅಂತಲೂ ಹೇಳಿದ್ದೆವು. ಮುಖ್ಯಸ್ಥೆ ಒಪ್ಪಲಿಕ್ಕೆ ಎರಡು ಸಲ ಫೋನ್ ಮಾಡಬೇಕಾಯ್ತು.

ಹಾಡು ಇರಲಿಲ್ಲ. ಬಹಳ ಮನೆಗಳಲ್ಲಿ ಜನರೇ ಇರಲಿಲ್ಲ. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿದ್ದರು. ಇಲ್ಲೇ ಒಂದು ಸುಳಿ ಇದೆ. ತಮ್ಮ ಹೊಲದಲ್ಲಿ ಕಳೆ ತೆಗೀಬೇಕಾದ ಹೊತ್ತಿಗೆ ಅವತ್ತಿನ ಊಟಕ್ಕೆ ಬೇರೆಯವರ ಹೊಲದ ಕಳೆ ತೆಗೆಯೋಕೆ ಹೋಗಬೇಕು. ತಮ್ಮ ಬೆಳೆ ಸೊರಗುತ್ತದೆ. ಮುಂದಿನ ವರ್ಷ ಕಾಳು ಇನ್ನೂ ಬೇಗ ಖಾಲಿ. ಮನೆ ಪಕ್ಕದಲ್ಲಿ ಹೆಣೆದ ಬುಟ್ಟಿಯ ಕಣಜ ಇರುತ್ತದೆ, ಮೇ ತಿಂಗಳಲ್ಲಿ ನಾವು ಅದರ ಮುಂದೆ ನಿಂತೇ ಫೋಟೋ ತೆಗೆಸಿಕೊಂಡಿದ್ದೆವು. ಟೀಚರ್ ಒಂದರೊಳಗೆ ಕೈ ಹಾಕಿದರು. ಮೂಲೆಯಲ್ಲಿ ಒಂದು ಹಿಡಿ ಧೂಳು, ನಾಲ್ಕು ಕಾಳು.

ಒಂದು ಮನೆಯಲ್ಲಿ ಅಜ್ಜಿ ಒರಳಿನಲ್ಲಿ ತೌಡು ಕುಟ್ಟುತ್ತಿದ್ದಳು. ಮೆಕ್ಕೆಜೋಳ ಬೀಸುವಾಗ ತೆಗೆಯುವ ಹೊಟ್ಟು ಅದು, ಒಳ್ಳೆ ಕಾಲದಲ್ಲಿ ದನ ಕೋಳಿಗೆ ಹಾಕೋದು. ಅವತ್ತಿನ ರಾತ್ರಿ ಊಟಕ್ಕೆ ಅದೇ. ಮಾತಿನ ಮಧ್ಯೆ ಟೀಚರ್ ಮೇ ತಿಂಗಳ ಕೋಳಿಯ ವಿಷಯ ತೆಗೆದರು. ಅದು ಇದೇ ಅಜ್ಜಿಯದು. ಅತಿಥಿಗೆ ಕೋಳಿ ಯಾರ ಮನೆಯಿಂದ ಹೋಗಬೇಕು ಅಂತ ಊರಲ್ಲಿ ಸರದಿ ಇರುತ್ತಂತೆ, ಅವತ್ತು ಅವಳ ಸರದಿ. ಉಳಿದವು ಎಲ್ಲಿ ಅಂದರೆ, ಜನವರಿಯಲ್ಲಿ ಮಾರಿದೆ ಅಂದಳು. ಅಲ್ಲಿ ಕೋಳಿ ಅಂದರೆ ಮನೆಯಲ್ಲಿರುವ ನಗದು. ಮೊಮ್ಮಗುವಿಗೆ ಜ್ವರ ಬಂದರೆ ಒಂದು, ಹಿಟ್ಟು ಮುಗಿದರೆ ಇನ್ನೊಂದು. 'ಆ ಕೋಳಿ ಕೊಟ್ಟಿದ್ದಕ್ಕೆ ಬೇಜಾರಾಯ್ತಾ?' ಅಂತ ಟೀಚರ್ ಕೇಳಿಯೇಬಿಟ್ಟರು. ಅಜ್ಜಿ ಭಾಷೆ ತಿರುಗಿಸುವ ಹುಡುಗನ ಮುಖ ನೋಡಿದಳು, ಇದೆಂಥ ಪ್ರಶ್ನೆ ಅನ್ನೋ ಹಾಗೆ. 'ಕೊಟ್ಟಾಗ ಸಂತೋಷ ಆಯ್ತು. ಜನವರಿಯಲ್ಲಿ ಅದು ಇದ್ದಿದ್ದರೆ ಚೆನ್ನಾಗಿತ್ತು.'

ಎರಡೂ ನಿಜ. ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡು ಬಂದಿದ್ದೆವು ನಾವು.

ರೈತರದು ಬೇರೆಯೇ ದಾರಿ. ಅವರಿಗೆ ಮನೆಗಳಿಗಿಂತ ಹೊಲದ ಮೇಲೆ ಕಣ್ಣು. ತಡವಾಗಿ ಬಿತ್ತಿದ ಒಂದು ಹೊಲದಲ್ಲಿ ಗಿಡ ಇನ್ನೂ ಸಣ್ಣದಿತ್ತು. ಸೀದಾ ಒಳಗೆ ಹೋಗಿ ಒಂದು ಗಿಡದ ಸುಳಿ ಬಿಡಿಸಿ ನೋಡಿದರು. ಮರದ ಪುಡಿ ಥರದ ಲದ್ದಿ, ಕೆಳಗೆ ಹುಳ. ತಲೆಯ ಮೇಲೆ ಬಿಳಿ ಗೆರೆ, ಬಾಲದ ಹತ್ತಿರ ನಾಲ್ಕು ಚುಕ್ಕೆ. ಫಾಲ್ ಸೈನಿಕ ಹುಳು. ಅಮೆರಿಕ ಖಂಡದ ಈ ಹುಳ 2016ರಲ್ಲಿ ಆಫ್ರಿಕಾಕ್ಕೆ ಬಂತು, 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ಕರ್ನಾಟಕದಲ್ಲೇ. ಆ ವರ್ಷ ಇವರ ಹೊಲವೂ ಜರಡಿಯಾಗಿತ್ತು. ಹೊಲದೊಡತಿ ಓಡಿ ಬಂದಳು. ಇವರು ಕನ್ನಡದಲ್ಲಿ, ಅವಳು ಚಿಚೇವಾದಲ್ಲಿ. ಭಾಷೆ ತಿರುಗಿಸುವ ಹುಡುಗ ಸುಮ್ನೆ ನಿಂತಿದ್ದ, ಅವನ ಅಗತ್ಯವೇ ಬೀಳಲಿಲ್ಲ. ಅವಳು ಒಂದು ಚಿಟಿಕೆ ಮಣ್ಣು ತೆಗೆದು ಸುಳಿಯೊಳಗೆ ಉದುರಿಸಿ ತೋರಿಸಿದಳು. 'ನಾವೂ ಹಿಂಗೇ! ಮರಳಿಗೆ ಸುಣ್ಣ ಕಲಸಿ ಹಾಕ್ತೀವಿ' ಅಂತ ಇವರು ಕೂಗಿದರು. ಆ ಹೊಲದಿಂದ ಅವರನ್ನು ಎಬ್ಬಿಸಿಕೊಂಡು ಬರೋದೇ ಕಷ್ಟವಾಯ್ತು. ಇಡೀ ಪ್ರವಾಸದಲ್ಲಿ ಸಹಾಯ ಮಾಡುವವರು, ಪಡೆಯುವವರು ಅನ್ನೋ ಭೇದ ಪೂರ್ತಿ ಅಳಿಸಿದ್ದು ಅಲ್ಲಿ ಮಾತ್ರ.

ರಾತ್ರಿ ಅವರೇ ಒಂದು ಮಾತು ಹೇಳಿದರು, ಅದು ನಡಾವಳಿಯಲ್ಲಿ ಇದೆ. 'ನನ್ನ ಹೊಲವೂ ಈ ವರ್ಷ ಒಣಗೈತೆ. ಆದ್ರೆ ನನ್ನ ಮಕ್ಕಳು ತೌಡು ತಿನ್ನಲಿಲ್ಲ. ರೇಷನ್ ಕಾರ್ಡ್ ಐತೆ.' ಸರಿಯಾದ ಮಾತು. ಆ ವರ್ಷ ಬಿಪಿಎಲ್ ಕಾರ್ಡಿದ್ದ ಮನೆಗೆ ತಲೆಗೆ 5 ಕೆಜಿ ಅಕ್ಕಿ ಬಿಟ್ಟಿ ಬರ್ತಿತ್ತು, ಇನ್ನು 5 ಕೆಜಿಯ ಬದಲು ರಾಜ್ಯ ಸರ್ಕಾರ 170 ರೂಪಾಯಿ ಹಾಕ್ತಿತ್ತು. ಒಂದೇ ಬೆಳೆ, ಒಂದೇ ಹುಳ, ಒಂದೇ ಬರ. ನಮ್ಮ ಬಡತನಕ್ಕೂ ಅವರ ಬಡತನಕ್ಕೂ ನಡುವೆ ಇದ್ದದ್ದು ಒಂದು ನ್ಯಾಯಬೆಲೆ ಅಂಗಡಿ. ಇದನ್ನು ತೃಪ್ತಿಯ ಭಾಷಣಗಳಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

ಪೆಟ್ಟಿಗೆಗೆ ದುಡ್ಡು ಬೇಡ

ಹಾಗಾದರೆ ಮೇ ತಿಂಗಳಲ್ಲಿ ಕಂಡ ನೆಮ್ಮದಿ ಬರೀ ಸುಗ್ಗಿಯ ಹೊಟ್ಟೆ ತುಂಬಿದ ನಗುವಾ? ಅಷ್ಟೇ ಅಂತ ಬರೆದರೆ ಅದೂ ಸುಳ್ಳಾಗುತ್ತದೆ.

ಊರಿನ ಹೆಂಗಸರದ್ದು ಒಂದು ಉಳಿತಾಯ ಗುಂಪು ಇದೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಅನ್ನೋ ಅಂತರರಾಷ್ಟ್ರೀಯ ನೆರವಿನ ಸಂಸ್ಥೆ ಶುರು ಮಾಡಿದ ಮಾದರಿ ಅದು, ಈಗ ಆಫ್ರಿಕಾದ ಹಳ್ಳಿಹಳ್ಳಿಯಲ್ಲಿದೆ. ನಮ್ಮ ಸ್ತ್ರೀಶಕ್ತಿ ಸಂಘದ ಥರವೇ ಕಾಣುತ್ತದೆ, ಆದರೆ ನಮ್ಮ ಸಂಘಗಳ ಕಣ್ಣು ಬ್ಯಾಂಕ್ ಸಾಲದ ಮೇಲೆ ಇರುತ್ತದೆ. ಅಲ್ಲಿ ಬ್ಯಾಂಕೇ ಇಲ್ಲ. ದುಡ್ಡೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ಅದಕ್ಕೆ ಮೂರು ಬೀಗ, ಮೂರು ಬೀಗದ ಕೈ ಮೂರು ಮನೆಯಲ್ಲಿ. ಪೆಟ್ಟಿಗೆ ಇರೋದು ನಾಲ್ಕನೇ ಮನೆಯಲ್ಲಿ. ಎಲ್ಲರೂ ಕೂಡಿದಾಗಲೇ ತೆಗೆಯೋದು. ತಡವಾಗಿ ಬಂದರೆ ದಂಡ. ನಾವಿದ್ದಾಗ ಮುಖ್ಯಸ್ಥೆಯೇ ತಡವಾಗಿ ಬಂದು ದಂಡ ಕಟ್ಟಿದರು, ಯಾರೂ ನಗಲಿಲ್ಲ, ಅದು ಮಾಮೂಲಿ. ವರ್ಷದ ಕೊನೆಗೆ ಪೆಟ್ಟಿಗೆ ಬರಿದು ಮಾಡಿ ಎಲ್ಲರ ಪಾಲು ಹಂಚಿ ಮತ್ತೆ ಸೊನ್ನೆಯಿಂದ ಶುರು. ಅದರ ಜೊತೆಗೆ ಸಾವು, ಕಾಯಿಲೆಗೆ ಅಂತ ಬೇರೆಯೇ ಒಂದು ಚೀಲ. ಯಾರ ಮನೆಯಲ್ಲಿ ಸಾವಾದರೂ ಪ್ರತಿ ಮನೆಯಿಂದ ಹಿಟ್ಟು, ಸೌದೆ ಹೋಗಲೇಬೇಕು. ಫೆಬ್ರವರಿಯಲ್ಲೂ ಹೋಗಬೇಕು.

ಮೇ ತಿಂಗಳಲ್ಲಿ ನಮ್ಮನ್ನು ಸಣ್ಣವರನ್ನಾಗಿ ಮಾಡಿದ್ದು ಈ ವ್ಯವಸ್ಥೆಯ ಹೊರಮೈ. ಸರದಿಯಲ್ಲಿ ಬಂದ ಕೋಳಿಯೂ ಅದರದ್ದೇ ಭಾಗ. ಸಾಹುಕಾರರು ಅದನ್ನು ಆಸೆಯಿಲ್ಲದ ಮನಸ್ಸು ಅಂತ ಓದಿದರು. ಆಸೆ ಆ ಊರಿನವರಿಗೆ ಬೇಕಾದಷ್ಟಿತ್ತು. ಸಂಘದ ಸಭೆಯಲ್ಲಿ ಎದುರಿಗೆ ಕೇಳದೆ, ಅವರವರೇ ಮಾತಾಡಿಕೊಂಡು ಹೇಳಲಿ ಅಂತ ನಾವು ಎದ್ದು ಹೊರಗೆ ಹೋದಾಗ ಹೊರಬಿದ್ದ ಪಟ್ಟಿ ಉದ್ದ ಇತ್ತು. ಬಿತ್ತನೆ ಹೊತ್ತಿಗೆ ಗೊಬ್ಬರ. ಹೈಸ್ಕೂಲಿಗೆ ಹೋಗೋ ಹೆಣ್ಣುಮಕ್ಕಳ ಖರ್ಚು. ಪ್ರೈಮರಿ ಅಲ್ಲಿ 1994ರಿಂದಲೇ ಉಚಿತ, ಹೈಸ್ಕೂಲು ಹಾಗಿರಲಿಲ್ಲ. ಚಾವಣಿಗೆ ತಗಡು. ಮೊಬೈಲ್ ಚಾರ್ಜಿಗೆ ಸೋಲಾರ್. ಕಾಳು ಬಿಡಿಸೋ ಮಷಿನ್ ಪಟ್ಟಿಯಲ್ಲಿ ಇರಲಿಲ್ಲ! ಒಂದೊಂದು ಮನೆಗೆ ಬರೋ ಬೆಳೆಯೇ ಕಡಿಮೆ, ಸಂಜೆ ಕೂತು ಹರಟೆ ಹೊಡೀತಾ ಕೈಯಲ್ಲೇ ಬಿಡಿಸಿ ಮುಗಿಸ್ತಾರೆ. ಡೀಸೆಲ್ ಸಿಗೋದೇ ಕಷ್ಟ, ಸಿಕ್ಕರೆ ದುಬಾರಿ.

ಟೀಚರ್ ಅಲ್ಲಿಂದಲೇ ಸಾಹುಕಾರರಿಗೆ ಫೋನ್ ಮಾಡಿದರು. ಅವರು ತೌಡಿನ ವಿಷಯ ಕೇಳಿ ಬಹಳ ಹೊತ್ತು ಸುಮ್ಮನಿದ್ದು, 'ಗಿರಣಿ ದುಡ್ಡು ಪೂರ್ತಿ ಆ ಪೆಟ್ಟಿಗೆಗೆ ಹಾಕಿ ಬನ್ನಿ' ಅಂದರು. ಮನುಷ್ಯನ ಸ್ವಭಾವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ.

ಸಂಘದ ಅಧ್ಯಕ್ಷೆ ಒಪ್ಪಲಿಲ್ಲ. ಅವಳ ಮಾತಿನ ಸಾರ ಇಷ್ಟು. ಪೆಟ್ಟಿಗೆಯಲ್ಲಿರೋದು ನಮ್ಮ ದುಡ್ಡು, ಅದಕ್ಕೇ ಎಲ್ಲರೂ ವಾಪಸ್ ಕಟ್ಟುತ್ತಾರೆ. ನಿಮ್ಮ ದುಡ್ಡು ಸೇರಿದರೆ 'ಅದು ಇಂಡಿಯಾದವರದ್ದು, ಕಟ್ಟದಿದ್ದರೂ ನಡೆಯುತ್ತದೆ' ಅಂತಾರೆ. ಆಮೇಲೆ ಪೆಟ್ಟಿಗೆಯೂ ಇಲ್ಲ, ಸಂಘವೂ ಇಲ್ಲ. ಮನೆಯಲ್ಲಿ ಹಿಟ್ಟಿಲ್ಲದ ತಿಂಗಳಲ್ಲಿ ಕೂತು ಅವಳು ಈ ಮಾತು ಹೇಳಿದ್ದು. ಮೇ ತಿಂಗಳ ಹಾಡು ಕುಣಿತಕ್ಕಿಂತ ನನಗೆ ಇದು ದೊಡ್ಡದಾಗಿ ಕಂಡಿತು. ಈ ಮಾದರಿ ರೂಪಿಸಿದವರ ನಿಯಮವೂ ಅದೇ, ಹೊರಗಿನ ಬಂಡವಾಳ ಬೇಡ ಅಂತ. ಆದರೆ ಅವಳು ನಿಯಮ ಓದಿ ಹೇಳ್ತಿರಲಿಲ್ಲ. ಪಕ್ಕದ ಊರಿನಲ್ಲಿ ಹಾಗೇ ಒಂದು ಸಂಘ ಒಡೆದದ್ದನ್ನು ಕಣ್ಣಾರೆ ನೋಡಿದ್ದಳು.

ಕೊನೆಗೆ ಆದ ತೀರ್ಮಾನ ಅವರದ್ದೇ. ಆ ಹೊತ್ತಿನ ಹಸಿವಿಗೆ ಬಿಳಿ ಮೆಕ್ಕೆಜೋಳ ಕೊಂಡು ಮನೆಗಿಷ್ಟು ಅಂತ ಹಂಚೋದು, ಅದು ದಾನ, ಲೆಕ್ಕ ಇಲ್ಲ. ಅದರಾಚೆಗೆ 2024ರ ನವೆಂಬರಿನಲ್ಲಿ ಬೀಜ ಗೊಬ್ಬರ ಸಾಲವಾಗಿ ಕೊಡೋದು. ವಾಪಸ್ ಕಟ್ಟೋದು ದುಡ್ಡಲ್ಲಿ ಅಲ್ಲ, ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ. ಆ ಕಾಳು ಊರ ಕಣಜಕ್ಕೆ, ಮುಂದಿನ ಜನವರಿಯಲ್ಲಿ ಊರವರಿಗೇ.

ಏನಾಯಿತು, ಅದರಿಂದ ಏನು ತಿಳಿಯಿತು

2025ರ ಸುಗ್ಗಿಯಲ್ಲಿ ಸುಮಾರು ಮನೆಗಳು ಕಾಳು ತಂದು ಹಾಕಿದವು. ಎಲ್ಲವೂ ಅಲ್ಲ. ಊರ ಕಣಜ ತುಂಬಿತು ಅನ್ನೋ ಹಾಗಿಲ್ಲ, ಆದರೆ ಮುಂದಿನ ಹಸಿವಿನ ಕಾಲಕ್ಕೆ ತೌಡಿಗೆ ಕೈ ಹಾಕೋದು ಒಂದಷ್ಟು ತಡವಾಗುವಷ್ಟು ಇತ್ತು. ಗಿರಣಿ ಇನ್ನೂ ಆಗಿಲ್ಲ.

ಇಂಥ ಪ್ರವಾಸ ಯೋಚಿಸುತ್ತಿರುವವರಿಗೆ ನಾನು ಮೊದಲು ಕೇಳೋದು: ಯಾವ ತಿಂಗಳಲ್ಲಿ ಹೋಗ್ತೀರಿ? ಹೊರಗಿನವರು ಹಳ್ಳಿಗೆ ಬರೋದು ಸುಗ್ಗಿ ಮುಗಿದು ರಸ್ತೆ ಒಣಗಿದಾಗಲೇ, ಹಸಿವಿನ ಮಳೆಗಾಲ ಅವರ ಕಣ್ಣಿಗೇ ಬೀಳುವುದಿಲ್ಲ ಅಂತ ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1980ರ ದಶಕದಲ್ಲೇ ಬರೆದಿದ್ದರು. ಮೆಕ್ಕೆಜೋಳದ ಊರಿನವರಾದ ನಮಗೆ ಇದು ಪುಸ್ತಕ ಓದಿ ತಿಳೀಬೇಕಾದ್ದಾಗಿರಲಿಲ್ಲ. ನಮ್ಮ ರೈತರ ಕೈಯಲ್ಲಿ ದುಡ್ಡು ಯಾವ ತಿಂಗಳಲ್ಲಿ ಇರುತ್ತದೆ, ಯಾವಾಗ ಇರಲ್ಲ ಅಂತ ಎಪಿಎಂಸಿಯಲ್ಲಿ ಎಲ್ಲರಿಗೂ ಗೊತ್ತು. ವಿಮಾನ ಹತ್ತಿದ ಕೂಡಲೇ ಆ ತಿಳಿವಳಿಕೆ ಎಲ್ಲಿಗೆ ಹೋಯ್ತೋ.

ಎಂಜಿನಿಯರ್ ಹುಡುಗ ಮುಂದೆ ಒಂದು ಕಾಗದ ತಂದು ಸಭೆಯ ಮುಂದಿಟ್ಟ. 2025ರ ವಿಶ್ವ ಸಂತೋಷ ವರದಿಯಲ್ಲಿ 147 ದೇಶಗಳ ಪೈಕಿ ಮಲಾವಿ 144ನೇದು. ಭಾರತ 118. ಆ ವರದಿಗೆ ಯಾರೂ ಹೋಗಿ ನಗು ಎಣಿಸೋದಿಲ್ಲ. 0ಯಿಂದ 10ರವರೆಗಿನ ಏಣಿ ಇದೆ ಅಂದುಕೊಳ್ಳಿ, ನಿಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ ಅಂತ ಜನರನ್ನೇ ಕೇಳುತ್ತಾರೆ. 'ಪ್ರಪಂಚದಲ್ಲೇ ಅತಿ ಸಂತೋಷದ ಜನ' ತಮ್ಮ ಬದುಕಿಗೆ ತಾವೇ ಕೊಟ್ಟ ಅಂಕ ಅದು. ಹಾಗಂತ ನಾವು ನೋಡಿದ ನಗು ಸುಳ್ಳು ಅಂತಲ್ಲ. ಅವತ್ತಿನ ದಿನ ನಗೋದು ಬೇರೆ, ಬದುಕು ಹೇಗಿದೆ ಅಂದಾಗ ತೂಗಿ ಹೇಳೋದು ಬೇರೆ. ಅತಿಥಿಯ ಮುಂದೆ ಮೊದಲನೆಯದೇ ಬರೋದು, ದಾವಣಗೆರೆಯಲ್ಲೂ ಹಾಗೇ.

ನನ್ನನ್ನು ಈಗಲೂ ಕಾಡೋದು ಜುಲೈ ಸಭೆಯ ತಲೆಯಾಡಿಸುವಿಕೆ. ಅವರನ್ನು ಅಷ್ಟು ಮೇಲಿಟ್ಟು ಗೌರವಿಸಿದ ಮಾತೇ ಅವರ ಗಿರಣಿಯನ್ನು ನಿಲ್ಲಿಸಿತು. ಬೈದು ನಿಲ್ಲಿಸಿದ್ದರೆ ಯಾರಾದರೂ ಎದ್ದು ಜಗಳ ಆಡ್ತಿದ್ದರು. ಹೊಗಳಿ ನಿಲ್ಲಿಸಿದ್ದಕ್ಕೆ ಎಲ್ಲರೂ ಒಪ್ಪಿದರು.

ಸಾಹುಕಾರರು ಭಾಷಣ ಬಿಟ್ಟಿಲ್ಲ. ಈಗ ಕೋಳಿಯ ಕಥೆಯ ಜೊತೆಗೆ ಜನವರಿಯ ಮಾತೂ ಹೇಳ್ತಾರೆ. ಚಪ್ಪಾಳೆ ಮೊದಲಿನಷ್ಟು ಬೀಳಲ್ಲ ಅಂತ ಅವರೇ ನಗ್ತಾರೆ. ಆದರೂ 'ಅವರಿಂದ ನಾವು ಕಲಿಯೋದು ಐತೆ' ಅನ್ನೋ ಮಾತನ್ನು ಬಿಟ್ಟುಕೊಟ್ಟಿಲ್ಲ, ಬಿಡಬೇಕು ಅಂತ ನನಗೂ ಅನಿಸಿಲ್ಲ. ಇಲ್ಲಿಯ ಕೆಲಸದಲ್ಲಿ ಒಂದು ಬದಲಾವಣೆ ಆಯ್ತು. ಜಗಳೂರಿನ ಹಳ್ಳಿಗಳಿಗೆ ಟ್ಯಾಂಕರ್ ತಂದಾಗ ಆರತಿ, ಹಾರ, ಫೋಟೋ ಇಲ್ಲ. ಏನು ಬೇಕು ಅನ್ನೋದನ್ನು ಟ್ಯಾಂಕರ್ ಮುಂದೆ ನಿಂತು ಕೇಳೋದಿಲ್ಲ.

ಒಂದು ಜಗಳ ಇನ್ನೂ ಬಗೆಹರಿದಿಲ್ಲ. ಕಾಳು ವಾಪಸ್ ಹಾಕದ ಮನೆಗಳ ಹೆಸರು ಕೊಡಿ ಅಂತ ನಮ್ಮ ಖಜಾಂಚಿ ಕೇಳಿದರು, ಆಡಿಟ್‌ಗೆ ಬೇಕು ಅಂತ. ಅಧ್ಯಕ್ಷೆ ಕೊಡಲಿಲ್ಲ. ಅವರು ಮುಂದಿನ ವರ್ಷ ಹಾಕ್ತಾರೆ, ಹೆಸರು ಊರು ಬಿಟ್ಟು ಹೋಗೋದು ಬೇಡ ಅಂತ ಹೇಳಿ ಕಳಿಸಿದಳು. ಖಜಾಂಚಿ ಲೆಕ್ಕದಲ್ಲಿ ಅದನ್ನು 'ಬರಬೇಕಾದ್ದು' ಅಂತ ಬರೆದಿಟ್ಟಿದ್ದಾರೆ. ಎರಡು ಮಷಿನ್‌ಗಳಲ್ಲಿ ಒಂದರ ಎಂಜಿನ್ ಕೆಟ್ಟು ನಿಂತಿದೆ. ಇನ್ನೊಂದನ್ನು ಬೆಳೆ ಜಾಸ್ತಿ ಇರುವ ಪಕ್ಕದ ಊರಿನವರಿಗೆ ಬಾಡಿಗೆಗೆ ಕೊಡ್ತಾರೆ, ಬಾಡಿಗೆ ಸಾವಿನ ಖರ್ಚಿನ ಚೀಲಕ್ಕೆ ಹೋಗುತ್ತದೆ. ಕೆಟ್ಟದ್ದನ್ನು ಮಾರಿಬಿಡಲಾ ಅಂತ ಅವರು ಕೇಳಿದ್ದಾರೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದು ಮೊದಲ ವಿಷಯ.